ಹೆಸರು ಕೇಳಿಕೊಂಡು ಬಾ

ಅಂತೋಣಿಕೊಪ್ಪಲಿನಲ್ಲಿದ್ದ ಕ್ರೈಸ್ತ ಸನ್ಯಾಸಿನಿಯರ ಕನ್ಯಾಮಠವನ್ನು ಹುಡುಕಿಕೊಂಡು ಬಂದ ಹೊಸಬರು ಎಲ್ಲೋ ದೊಡ್ಡ ಕಟ್ಟಡವಿರಬೇಕೆಂದು ಊರು ದಾಟಿ ಮುಂದೆ ಹೋಗಿಬಿಡುತ್ತಿದ್ದರಂತೆ. ಇದ್ದದ್ದು ನಾಡಹೆಂಚಿನ ಒಂದು ಉದ್ದನೆಯ ಮನೆ. ಅದರ ಒಂದು ತುದಿಗೆ ಪ್ರಾರ್ಥನೆಯ ಕೋಣೆ, ಇನ್ನೊಂದು ತುದಿಗೆ ಹುಳುಮನೆ, ನಡುವೆ ತಾಯಿತಂದೆಯಿಲ್ಲದ ಹೆಣ್ಣುಮಕ್ಕಳು ಉಂಡು ಮಲಗುವ ಹಜಾರ. ಪೂಜ್ಯ ಮಾತೆ ಅಗತಮ್ಮನವರು ತಮ್ಮ ಬದುಕಿನ ಬಹುಭಾಗವನ್ನು ಈ ಮನೆಯಲ್ಲಿಯೇ ಸವೆಸಿದರು. ಕೊಳ್ಳೇಗಾಲದ ಆ ಸೀಮೆಯಲ್ಲಿ ರೇಷ್ಮೆ ಹುಳು ಸಾಕದ ಮನೆ ಅಪರೂಪ. ಮಠದ ಮಕ್ಕಳ ಅನ್ನಬಟ್ಟೆಯೂ ಆ ಹುಳುಗಳಿಂದಲೇ ನಡೆಯಬೇಕಿತ್ತು. ಮಾತೆಯವರು ಬೆಳಗಿನ ಜಪ ಮುಗಿಸಿ ಎದ್ದರೆ ನೇರವಾಗಿ ಹುಳುಗಳಿಗೆ ಸೊಪ್ಪು ಹಾಕಲು ಹೋಗುತ್ತಿದ್ದರು. ಅವರನ್ನು ಕಾಣಲು ಬಂದವರು ಎಷ್ಟೇ ದೊಡ್ಡವರಾಗಿರಲಿ, ಹುಳುಮನೆಯ ಹೊರಗೆ ಹಿಪ್ಪುನೇರಳೆ ಸೊಪ್ಪಿನ ಬುಟ್ಟಿಯ ಪಕ್ಕ ನೆಲದ ಮೇಲೆ ಕೂತೇ ಮಾತನಾಡಬೇಕಿತ್ತು.

ಹಾಗೆಂದು ಅವರು ಬಹಳ ಮಾತನಾಡುತ್ತಿದ್ದರೆಂದಲ್ಲ. ಮಾತೆಯವರು ಉಪದೇಶ ಮಾಡಿದ್ದನ್ನು ಕೇಳಿದವರು ಸುತ್ತಮುತ್ತ ಯಾರೂ ಸಿಗುತ್ತಿರಲಿಲ್ಲ. ಆದರೂ ಕಷ್ಟ ಬಂದವರು ಜಾತಿಮತ ನೋಡದೆ ಮಠದ ಬಾಗಿಲಿಗೆ ಬಂದು, “ಅವ್ವಾರೆ, ನಮಗೂ ಒಂದು ಮಾತು ದೇವ್ರ ತಾವ ಹೇಳಿ” ಎಂದು ಬೇಡಿಕೊಂಡು ಹೋಗುತ್ತಿದ್ದರು. ಮಾತೆಯವರು “ಹೇಳ್ತೀನಿ” ಎನ್ನುತ್ತಿದ್ದರು, ಅಷ್ಟೇ. ಹೇಳುತ್ತೇನೆಂದು ಹೇಳಿ ಮರೆತುಬಿಡುವ ನಮ್ಮಂಥವರ ಪೈಕಿ ಅವರಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು.

ಇಲ್ಲಿ ಹೇಳಹೊರಟಿರುವ ಪ್ರಸಂಗವನ್ನು ಸಂಕೋಚವಿಲ್ಲದೆ ಎಲ್ಲರಿಗೂ ಹೇಳುತ್ತಿದ್ದವರು ಉಪದೇಶಿ ಜೋಜಪ್ಪನವರು. ಗುರುಗಳು ದಿನವೂ ಬರಲಾಗದ ಹಳ್ಳಿಗಳಲ್ಲಿ ಜಪ ಹೇಳಿಸುವುದು, ಮಕ್ಕಳಿಗೆ ಜ್ಞಾನೋಪದೇಶ ಕಲಿಸುವುದು, ಕೇಳುವವರಿದ್ದರೆ ಯೇಸುಸ್ವಾಮಿಯ ವಿಷಯ ತಿಳಿಸುವುದು ಉಪದೇಶಿಯ ಕೆಲಸ. ಜೋಜಪ್ಪನವರು ಆ ಕೆಲಸಕ್ಕೆ ದೂರದ ಪಟ್ಟಣವೊಂದರಿಂದ ಆಗಷ್ಟೇ ಬಂದಿದ್ದರು. ಬಿಸಿರಕ್ತದ ವಯಸ್ಸು. ಒಳ್ಳೆಯ ಕಂಠ, ಅವರು ಕೀರ್ತನೆ ಎತ್ತಿದರೆ ಕೆರೆಯಾಚೆ ದನ ಕಾಯುವವರೂ ತಿರುಗಿ ನೋಡುತ್ತಿದ್ದರು. ತಿರುಗಿ ನೋಡುತ್ತಾರೆಂಬುದು ಜೋಜಪ್ಪನವರಿಗೂ ಚೆನ್ನಾಗಿ ಗೊತ್ತಿತ್ತು, ತೊಂದರೆ ಶುರುವಾದದ್ದು ಅಲ್ಲಿಂದಲೇ.

ಕೆರೆಯಾಚೆ ಹುಣಸೇದೊಡ್ಡಿ ಎಂಬ ಪುಟ್ಟ ಊರು. ಅಲ್ಲಿ ಕ್ರೈಸ್ತರ ಮನೆ ಒಂದೂ ಇರಲಿಲ್ಲ. ಜೋಜಪ್ಪನವರು ಅಲ್ಲಿಗೆ ಹೋಗಿ ಅರಳಿಕಟ್ಟೆಯ ಬಳಿ ನಿಂತು ಸ್ವಾಮಿಯ ಮಹಿಮೆಯನ್ನು ಎಷ್ಟು ವರ್ಣಿಸಿದರೂ ಊರಿನವರು ಜಗಳವನ್ನೂ ಆಡದೆ, ಕಿವಿಯನ್ನೂ ಕೊಡದೆ, “ಆಯ್ತು ಬುಡಪ್ಪ, ನಿಮ್ಮ ದೇವ್ರೂ ಒಳ್ಳೇದೆಯ. ಬಿಸಿಲಾಯ್ತು, ನೀರು ಕುಡುದು ಹೋಗು” ಎಂದು ಕಳಿಸುತ್ತಿದ್ದರು. ಬೈದಿದ್ದರೆ ಜೋಜಪ್ಪನವರಿಗೆ ಇಷ್ಟು ನೋವಾಗುತ್ತಿರಲಿಲ್ಲ. ಹುಣಸೇದೊಡ್ಡಿಯವರ ಕಣ್ಣು ತೆರೆಸುವಂಥದ್ದು ಏನಾದರೂ ನಡೆಯಬೇಕು ಎಂದು ಅವರ ಮನಸ್ಸು ಹಗಲಿರುಳು ಹಂಬಲಿಸತೊಡಗಿತು.

ಹೀಗಿರುವಾಗ ಒಂದು ಬೆಳಿಗ್ಗೆ ಕೆರೆಯ ಏರಿಯ ಮೇಲೆ ಆ ಊರಿನ ವಿಧವೆಯೊಬ್ಬರು ಅವರನ್ನು ತಡೆದು ನಿಲ್ಲಿಸಿದರು. ಆಕೆಯ ಮನೆಯ ಹುಳುಗಳು ನಾಲ್ಕನೆಯ ಜ್ವರ ಎದ್ದಿದ್ದವು. ರೇಷ್ಮೆ ಹುಳು ಪೊರೆ ಬಿಡಲು ಉಪವಾಸ ಮಲಗುವುದನ್ನು ಆ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರ ಎದ್ದ ಹುಳು ಹೊಟ್ಟೆ ಬಿರಿಯುವಂತೆ ಸೊಪ್ಪು ತಿಂದು, ಆಮೇಲೆ ಗೂಡು ಕಟ್ಟುತ್ತದೆ. ಈಕೆಯ ಹುಳುಗಳು ಮಾತ್ರ ಸೊಪ್ಪಿನ ಮೇಲೆ ಮಂಕಾಗಿ ಕೂತಿದ್ದವು. ಗೂಡು ಆದರೆ ಮಗಳ ಮದುವೆ, ಇಲ್ಲವಾದರೆ ಗಂಡಿನವರು ಕಾಯುವವರಲ್ಲ.

“ನಿಮ್ಮ ಮಠದ ಅವ್ವಾರು ಕೇಳ್ಕಂಡ್ರೆ ದೇವ್ರು ಇಲ್ಲ ಅನ್ನಕ್ಕಿಲ್ವಂತೆ. ನನ್ನ ಹುಳಕ್ಕೂ ಒಂದು ಮಾತು ಹೇಳಿ ಅಂತ ಅವರಿಗೆ ತಿಳ್ಸಪ್ಪ” ಎಂದು ಆಕೆ ಕೈಮುಗಿದರು. ತಾನು ಯಾರು, ತನ್ನ ಮನೆ ಯಾವುದು ಎಂಬುದನ್ನೂ ಎರಡೆರಡು ಸಲ ಹೇಳಿದರು.

ಅದನ್ನು ಹಾಗೆಯೇ ಮಠಕ್ಕೆ ಮುಟ್ಟಿಸಿದ್ದರೆ ಮುಗಿಯುತ್ತಿತ್ತು. ಆದರೆ ಜೋಜಪ್ಪನವರ ಎದೆ ಆಗಲೇ ನಗಾರಿ ಬಾರಿಸುತ್ತಿತ್ತು. ಹುಣಸೇದೊಡ್ಡಿಯ ಬಾಗಿಲು ಕಡೆಗೂ ತೆರೆಯಿತಲ್ಲ! “ಅವ್ವಾರಿಗೆ ಯಾಕೆ ತೊಂದರೆ? ನಾನೇ ಸಂಜೆ ಬಂದು ಪ್ರಾರ್ಥನೆ ಮಾಡ್ತೀನಿ. ಊರಿನವರೆಲ್ಲ ಬರಲಿ, ನೋಡಲಿ” ಎಂದುಬಿಟ್ಟರು.

ಸಂಜೆ ಅವರು ಬರಿಗೈಯಲ್ಲಿ ಹೋಗಲಿಲ್ಲ. ತಮ್ಮ ಚರ್ಚಿನ ಧೂಪಪಾತ್ರೆಯನ್ನು ತೆಗೆದುಕೊಂಡು, ಕೆಂಡ ತುಂಬಿ, ಹಬ್ಬದ ದಿನಕ್ಕೆಂದು ಇಟ್ಟಿದ್ದ ಸಾಂಬ್ರಾಣಿಯನ್ನು ಧಾರಾಳವಾಗಿ ಸುರಿದುಕೊಂಡು, ಕೀರ್ತನೆ ಹಾಡುತ್ತಾ ಊರೊಳಗೆ ನಡೆದರು. ಜನ ಸೇರಿದರು. ಆ ವಿಧವೆ ಹೊಗೆಯನ್ನು ಕಂಡವರೇ ಓಡಿಬಂದು ಹೊಸ್ತಿಲ ಮೇಲೆ ನಿಂತು ಕೈ ಅಡ್ಡ ಹಿಡಿದರು. “ಬ್ಯಾಡ ಕನಪ್ಪ, ಒಳಕ್ಕೆ ಬ್ಯಾಡ. ಇಲ್ಲೇ ನಿಂತ್ಕಂಡು ಕೇಳ್ಕೊ.”

ಹೊಗೆ ತಗಲಿದರೆ ಹುಳು ಉಳಿಯದೆಂಬುದು ಹುಳು ಸಾಕುವ ಸೀಮೆಯಲ್ಲಿ ಎಳೆಯ ಮಕ್ಕಳಿಗೂ ತಿಳಿದ ವಿಷಯ. ಹುಳುವಿದ್ದಾಗ ಆ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ, ಬೀಡಿ ಹಚ್ಚುವುದಿಲ್ಲ, ನೆಂಟರೇ ಬಂದರೂ ಜಗಲಿಯಿಂದಲೇ ಮಾತನಾಡಿಸಿ ಕಳಿಸುತ್ತಾರೆ. ಪಟ್ಟಣದ ಜೋಜಪ್ಪನವರಿಗೆ ಇದರ ಗಂಧವೇ ಇರಲಿಲ್ಲ. ಅವರು ಆ ಅಡ್ಡ ಹಿಡಿದ ಕೈಯನ್ನು ನೋಡಿ, ಇದು ನಂಬಿಕೆಯ ಹೊಸ್ತಿಲಲ್ಲಿ ಆತ್ಮಕ್ಕೆ ಆಗುವ ಅಳುಕು, ಉಪದೇಶಿಯಾದವನು ಇದಕ್ಕೆ ಸೋಲಬಾರದು ಎಂದುಕೊಂಡರು! “ಹೆದರಬೇಡಿ ತಾಯಿ” ಎಂದು ಪಕ್ಕದಿಂದ ನುಗ್ಗಿ ಒಳಗೆ ಹೋದರು. ದೇವರ ಹೆಸರು ಹೇಳಿಕೊಂಡು ಬಂದವನನ್ನು ರಟ್ಟೆ ಹಿಡಿದು ಎಳೆಯಲು ಆ ಹೆಣ್ಣುಮಗಳಿಗೆ ಕೈ ಬರಲಿಲ್ಲ. ಜೋಜಪ್ಪನವರು ಕಿಟಕಿ ಮುಚ್ಚಿದ್ದ ಆ ಸಣ್ಣ ಕೋಣೆಯಲ್ಲಿ ಹುಳುಗಳ ಒಂದೊಂದು ಬಿದಿರು ತಟ್ಟೆಗೂ ಧೂಪ ಬೀಸುತ್ತಾ, ಹೊರಗಿನವರಿಗೂ ಕೇಳಲೆಂದು ಗಂಟಲೆತ್ತಿ, ಸಕಲ ಸಂತರ ಪ್ರಾರ್ಥನಾಮಾಲೆಯನ್ನು ಒಬ್ಬ ಸಂತರನ್ನೂ ಬಿಡದೆ ಹೇಳಿ ಮುಗಿಸಿದರು.

ಮರುದಿನ ಹುಳುಗಳು ತಲೆ ಎತ್ತಿಕೊಂಡು ಹಸಿರು ನೀರು ಕಾರಿದವು. ಅದರ ಮರುದಿನ ತಟ್ಟೆಗಳೆಲ್ಲ ಕಪ್ಪಾದವು. ಸತ್ತ ಹುಳುಗಳನ್ನು ಮಗಳು ಮೊರಕ್ಕೆ ತುಂಬುತ್ತಿದ್ದಾಗ ಜೋಜಪ್ಪನವರು ಫಲ ಏನಾಯಿತೆಂದು ನೋಡಲು ನಗುನಗುತ್ತಾ ಬಂದರು.

“ಬಂದ್ಯಾ?” ಎಂದರು ಆ ತಾಯಿ. “ಯಾರ ಮ್ಯಾಲೆ ಸೇಡು ತೀರ್ಸ್ಕಂಡೆ? ನಿನ್ನ ದೇವ್ರಿಗೆ ನನ್ನ ಹುಳಾನೇ ಬೇಕಾಗಿತ್ತಾ?” ಆಮೇಲೆ ಆಕೆ ಮಗಳ ಕೈಯಿಂದ ಮೊರ ತೆಗೆದುಕೊಂಡು ಹಿತ್ತಲಿಗೆ ನಡೆದರು. ಊರಿನವರು ಆಡಬೇಕಾದ್ದನ್ನೆಲ್ಲ ಆಡಿದರು. ಇನ್ನೊಂದು ಸಲ ಏರಿ ದಾಟಿ ಬಂದರೆ ಕಾಲು ಮುರಿಯುತ್ತೇವೆ ಎಂದರು.

ಆ ಮಧ್ಯಾಹ್ನ ಮಾತೆ ಅಗತಮ್ಮನವರು ಸೊಪ್ಪು ಹೆಚ್ಚುತ್ತಾ ಕೂತಿದ್ದರು. ಜೋಜಪ್ಪನವರು ಬಂದು ‘ಸ್ತೋತ್ರ’ ಎಂದು ನಮಸ್ಕರಿಸುವುದನ್ನೂ ಮರೆತು ಗೋಡೆಗೆ ಒರಗಿ ಕುಸಿದರು. ನಡೆದದ್ದನ್ನೆಲ್ಲ ಹೇಳಿದರು; ಧೂಪದ ವಿಷಯ ಹೇಳುವಾಗ ಮಾತೆಯವರ ಕತ್ತಿ ಒಂದು ಗಳಿಗೆ ನಿಂತಿತು. ಕೊನೆಗೆ ಜೋಜಪ್ಪನವರು, “ನಾನು ಊರಿಗೆ ಹೋಗ್ತೀನಿ ಅಮ್ಮಾ. ನನ್ನ ಕೈಲಿ ಈ ಕೆಲಸ ಆಗಲ್ಲ. ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾನು ತಿಳಿಯದೆ ತಪ್ಪು ಮಾಡಿದೆ, ಸರಿ. ಆದರೆ ಬೇಡಿಕೊಂಡಿದ್ದು ಸುಳ್ಳಲ್ಲವಲ್ಲ? ಕೇಳಿಸಿಕೊಳ್ಳೋನು ಇದ್ದಿದ್ದರೆ ತಡೀಬಹುದಿತ್ತಲ್ಲ? ನನಗೆ ಇನ್ನು ಪ್ರಾರ್ಥನೇಲಿ ನಂಬಿಕೆ ಇಲ್ಲ” ಎಂದು ಮುಖ ಮುಚ್ಚಿಕೊಂಡು ಅತ್ತರು. ನಂಬಿಕೆಯನ್ನು ಹಂಚಲು ಹೊರಟವರ ಜೋಳಿಗೆಯೇ ಬರಿದಾಗಿತ್ತು.

ಮಾತೆಯವರು ಕತ್ತಿ ಕೆಳಗಿಟ್ಟು ಎದ್ದರು. ಕೈ ತೊಳೆದು ಅವರನ್ನು ಪ್ರಾರ್ಥನೆಯ ಕೋಣೆಗೆ ಕರೆದೊಯ್ದು ಮೊಣಕಾಲೂರಿದರು. ಜೋಜಪ್ಪನವರೂ ಪಕ್ಕದಲ್ಲಿ ಊರಿದರು. ಮಾತೆಯವರು ಶಿಲುಬೆಯ ಗುರುತು ಹಾಕಿ, ಅವರ ಕಡೆ ತಿರುಗಿ ಕೇಳಿದರು:

“ಆ ತಾಯಿ ಹೆಸರೇನಪ್ಪ?”

ಜೋಜಪ್ಪನವರು ಬಾಯಿ ತೆರೆದರು. ಹೆಸರು ಬರಲಿಲ್ಲ. ಏರಿಯ ಮೇಲೆ ಆಕೆ ಎರಡು ಸಲ ಹೇಳಿದ್ದು ನೆನಪಿತ್ತು. ಆಗ ತಾವು ಯಾವ ಕೀರ್ತನೆ ಎತ್ತಬೇಕು ಎಂದು ಯೋಚಿಸುತ್ತಿದ್ದುದೂ ನೆನಪಿತ್ತು. “ಅದೇ ಅಮ್ಮಾ, ಹುಳುಮನೆಯಾಕೆ...” ಎಂದು ತಡವರಿಸಿದರು. ಸಕಲ ಸಂತರ ಹೆಸರನ್ನು ಹೇಳಿಬಂದಿದ್ದವರಿಗೆ ಆ ಮನೆಯೊಡತಿಯ ಹೆಸರೇ ತಿಳಿದಿರಲಿಲ್ಲ.

ಮಾತೆಯವರು ಮೊಣಕಾಲಿನಿಂದ ಎದ್ದರು. “ಹೆಸರು ಕೇಳ್ಕೊಂಡು ಬಾ. ಆಮೇಲೆ ಬೇಡೋಣ” ಎಂದು ಹೊರಗೆ ನಡೆದು ಮತ್ತೆ ಸೊಪ್ಪಿನ ಮುಂದೆ ಕೂತರು.

ಕಾಲು ಮುರಿಯುತ್ತೇವೆ ಎಂದವರ ಊರಿಗೆ ಹೋಗಬೇಕು! ಜೋಜಪ್ಪನವರು ಮಠದ ಅಂಗಳದಲ್ಲಿ ಬಹಳ ಹೊತ್ತು ನಿಂತಿದ್ದರಂತೆ. ತಮ್ಮ ಪಟ್ಟಣಕ್ಕೆ ಮರಳುವ ದಾರಿ ಒಂದು ಕಡೆ, ಕೆರೆಯ ಏರಿ ಇನ್ನೊಂದು ಕಡೆ. ಅವರು ಏರಿ ಹತ್ತಿದರು. 

ಹುಣಸೇದೊಡ್ಡಿಯಲ್ಲಿ ಗಂಡಸರು ಹೊಲದ ಕಡೆ ಹೋಗಿದ್ದರು. ಆ ತಾಯಿ ಹಿತ್ತಲಿನ ತಿಪ್ಪೆಯ ಬಳಿ ಗುಂಡಿ ತೆಗೆದು, ಸತ್ತ ಹುಳುಗಳನ್ನು ಸುರಿದು ಸುಣ್ಣ ಎರಚುತ್ತಿದ್ದರು. ಜೋಜಪ್ಪನವರು ದೂರದಲ್ಲಿಯೇ ನಿಂತು, “ತಾಯಿ, ನಿಮ್ಮ ಹೆಸರು ಕೇಳೋಕೆ ಬಂದೆ” ಎಂದರು.

ಆಕೆ ತಲೆ ಎತ್ತಿ ನೋಡಿದರು. “ಹೆಸರಾ? ಮನೆ ಹಾಳು ಮಾಡ್ಬುಟ್ಟು ಹೆಸರು ಕೇಳೀಯಾ?”

“ಮೊದಲೇ ಕೇಳಬೇಕಾಗಿತ್ತು.”

ಆಕೆ ಸುಣ್ಣದ ಕೈಯನ್ನು ಸೀರೆಗೆ ಒರೆಸಿಕೊಂಡರು. “ಚಿಕ್ಕತಾಯಿ” ಎಂದರು. ಆಮೇಲೆ ಏನು ತೋಚಿತೋ, “ಮಗಳು ಕೆಂಪಾಜಿ. ಇವಳಪ್ಪ ಹೋದಾಗ ಇದು ಮೊಲೆ ಕುಡಿಯೋ ಕೂಸು. ಸೊಪ್ಪು ಬೆಳದು ನಿಂತದೆ, ತಿನ್ನಕ್ಕೆ ಹುಳ ಇಲ್ಲ. ಓಗು, ನಿನ್ನ ಅವ್ವಾರಿಗೆ ಹೇಳೋಗು” ಎಂದು ಮತ್ತೆ ಗುಂಡಿಯ ಕಡೆ ಬಾಗಿದರು. ಜೋಜಪ್ಪನವರು ಕೇಳದೆಯೇ ಪಕ್ಕದಲ್ಲಿದ್ದ ಗುದ್ದಲಿ ತೆಗೆದುಕೊಂಡು ಮಣ್ಣು ಮುಚ್ಚಿದರು. 

ಸಂಜೆಗೆ ಮಠಕ್ಕೆ ಮರಳಿ, “ಚಿಕ್ಕತಾಯಮ್ಮ, ಮಗಳು ಕೆಂಪಾಜಿ” ಎಂದರು. ಮಾತೆಯವರು ಪುನಃ ಅವರನ್ನು ಪ್ರಾರ್ಥನೆಯ ಕೋಣೆಗೆ ಕರೆದೊಯ್ದರು. ಈ ಸಲ ಬೇಡಿದರು. ಅವರ ಪ್ರಾರ್ಥನೆಯನ್ನು ಅಷ್ಟು ಹತ್ತಿರದಿಂದ ಕೇಳಿದ್ದು ಅದೇ ಮೊದಲು ಎಂದು ಜೋಜಪ್ಪನವರು ಹೇಳುತ್ತಿದ್ದರು. ಅದರಲ್ಲಿ ದೊಡ್ಡ ಮಾತು ಒಂದೂ ಇರಲಿಲ್ಲ. “ಸ್ವಾಮಿ, ಚಿಕ್ಕತಾಯಮ್ಮನ ತೋಟದಲ್ಲಿ ಸೊಪ್ಪು ಬಲೀತಾ ಇದೆ, ಹುಳ ಇಲ್ಲ. ಕೆಂಪಾಜಿ ಮದುವೆ ನಿಂತುಹೋಗೋ ಹಾಗಿದೆ. ತಪ್ಪು ನಮ್ಮ ಮನೆ ಮಗನಿಂದ ಆಯ್ತು. ಏನು ಮಾಡಲಿ ಹೇಳು.” ಅಷ್ಟು ಹೇಳಿ ಸುಮ್ಮನಾದರು. ಹೊರಗೆ ಮಕ್ಕಳು ತಟ್ಟೆ ಹಾಕುವ ಸದ್ದು, ಅನ್ನದ ವಾಸನೆ. ಮಾತೆಯವರು ಕದಲಲಿಲ್ಲ. ನೆರೆಮನೆಯವರಿಂದ ಉತ್ತರ ಬರಲೆಂದು ಕಾಯುವವರಂತೆ ಕಿವಿಗೊಟ್ಟು ಕೂತಿದ್ದರು.

ಎದ್ದವರೇ ಹುಳುಮನೆಗೆ ಹೋಗಿ, ಮನೆವಾರ್ತೆ ನೋಡುತ್ತಿದ್ದ ಸಿಸ್ಟರ್ ರೊಸಾರಿಯಾರನ್ನು ಕರೆದರು. ಮಠದ ಹುಳುಗಳು ಆಗಷ್ಟೇ ನಾಲ್ಕನೆಯ ಜ್ವರಕ್ಕೆ ಮಲಗಿದ್ದವು. “ಹುಳ ಎದ್ದಕೂಡಲೆ ತಟ್ಟೆಗಳಲ್ಲಿ ಅರ್ಧ ಚಿಕ್ಕತಾಯಮ್ಮನ ಮನೆಗೆ ಹೋಗಲಿ” ಎಂದರು.

ಸಿಸ್ಟರ್ ರೊಸಾರಿಯಾರು ನೇರ ಮಾತಿನವರು. “ಅಮ್ಮಾ, ಮಕ್ಕಳ ವರ್ಷದ ಬಟ್ಟೆ ಈ ಬೆಳೆ ಮೇಲಿದೆ. ಅರ್ಧ ಕೊಟ್ಟರೆ ನಾವೇನು ಮಾಡೋಣ? ನಾವು ಪ್ರಾರ್ಥನೆ ಮಾಡಿದೆವಲ್ಲ, ಸಾಲದೆ?”

“ಅವರ ವಿಷಯ ದೇವರಿಗೆ ಹೇಳಿ, ಎದ್ದು ನಮ್ಮ ಪಾಡಿಗೆ ನಾವು ಹೋದರೆ ದೇವರಿಗೆ ಏನನ್ನಿಸುತ್ತೆ, ರೊಸಾರಿಯಾ?” ಎಂದು ಮಾತೆಯವರು ಮೆಲ್ಲನೆ ಕೇಳಿದರು. ಸಿಸ್ಟರ್ ಗೊಣಗಿಕೊಂಡೇ ಒದ್ದೆ ಬಟ್ಟೆ ಹುಡುಕಲು ಹೋದರು. ನಿಜ ಹೇಳಬೇಕೆಂದರೆ ಆ ವರ್ಷ ಮಠದ ಮಕ್ಕಳು ಹಳೆಯ ಬಟ್ಟೆಗೇ ತೇಪೆ ಹಾಕಿಕೊಂಡರು. ಅದನ್ನು ಮುಚ್ಚಿಟ್ಟು ಈ ಕಥೆ ಹೇಳಬಾರದು.

ಹುಳು ಎದ್ದ ದಿನ ಬೆಳಗಿನ ತಂಪಿನಲ್ಲಿ, ಒದ್ದೆ ಬಟ್ಟೆ ಹೊದಿಸಿದ ಬಿದಿರಿನ ತಟ್ಟೆಗಳನ್ನು ತಲೆಯ ಮೇಲೆ ಹೊತ್ತು ಮಾತೆಯವರು, ಸಿಸ್ಟರ್ ರೊಸಾರಿಯಾರು, ಜೋಜಪ್ಪನವರು ಏರಿ ದಾಟಿದರು. ಹುಣಸೇದೊಡ್ಡಿಯವರು ಬಾಗಿಲಿಗೆ ಬಂದು ನಿಂತರು. ಕಾಲು ಮುರಿಯುತ್ತೇವೆ ಎಂದಿದ್ದವರು ಮಾತೆಯವರ ತಲೆಯ ಮೇಲಿನ ತಟ್ಟೆ ನೋಡಿ ದಾರಿ ಬಿಟ್ಟರು. ಮಾತೆಯವರು ಹೊಸ್ತಿಲಿನಿಂದ ದೂರದಲ್ಲಿಯೇ ತಟ್ಟೆ ಇಳಿಸಿ ನಿಂತರು.

ಚಿಕ್ಕತಾಯಮ್ಮನವರು ಬಟ್ಟೆ ಸರಿಸಿ ಹುಳುಗಳನ್ನು ನೋಡಿದರು. ಬೆಳ್ಳಗೆ ದುಂಡಗೆ ಎದ್ದ ಹುಳುಗಳು. ಒಂದನ್ನು ಬೆರಳಿನಿಂದ ಮೆಲ್ಲನೆ ಮುಟ್ಟಿದರು. ಆದರೆ ಮರುಕ್ಷಣವೇ ಬಟ್ಟೆ ಮುಚ್ಚಿ, ಮುಖ ಗಂಟಿಕ್ಕಿಕೊಂಡು, “ಅವ್ವಾರೆ, ಸುತ್ತಿ ಬಳಸಿ ಮಾತಾಡಕ್ಕೆ ನಂಗೆ ಬರಕ್ಕಿಲ್ಲ. ಇದ ಇಸ್ಕಂಡ್ರೆ ನಾನು ನಿಮ್ಮ ಮತಕ್ಕೆ ಸೇರಬೇಕಾ?” ಎಂದು ಎಲ್ಲರೆದುರಿಗೇ ಕೇಳಿದರು.

“ಬೇಡ ತಾಯಿ” ಎಂದರು ಮಾತೆಯವರು. “ಇದು ನಮ್ಮ ತಪ್ಪಿಗೆ. ಆದರೆ ನಿಮ್ಮಿಂದ ನನಗೆ ಒಂದು ಉಪಕಾರ ಆಗಬೇಕು. ಈ ಜೋಜಪ್ಪನ ಎದೆ ಒಡೆದುಹೋಗಿದೆ. ಇವನಿಗೋಸ್ಕರ ನೀವು ದೇವರ ಹತ್ತಿರ ಒಂದು ಮಾತು ಕೇಳಿಕೊಳ್ಳಿ.”

ಸಿಸ್ಟರ್ ರೊಸಾರಿಯಾರು ಬೆಚ್ಚಿ ಮಾತೆಯವರ ಮುಖ ನೋಡಿದರು. ಊರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ದಿನ ಬಂದವರೆಲ್ಲ ಅವರಿಗೆ ದೇವರ ವಿಷಯ ಹೇಳಿದ್ದರು. ನಮಗೋಸ್ಕರ ನೀವು ಬೇಡಿ ಎಂದು ಕೇಳಿದವರು ಇವರೇ ಮೊದಲಿಗರು.

“ನಾನಾ? ನಂಗೆ ಯಾವ ಮಂತ್ರ ಬಂದದು?”

“ಮಂತ್ರ ಬೇಡ. ಮನಸ್ಸಿಗೆ ಬಂದಿದ್ದು ಕೇಳಿ. ಇಷ್ಟ ಇಲ್ಲದಿದ್ದರೆ ಬೇಡ, ಹುಳ ನಿಮ್ಮವೇ.”

ಚಿಕ್ಕತಾಯಮ್ಮನವರು ಜೋಜಪ್ಪನವರನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಗುದ್ದಲಿ ಹಿಡಿದು ಬೊಬ್ಬೆ ಎದ್ದ ಅಂಗೈ, ಉಂಡು ಎಷ್ಟು ದಿನವಾಯಿತೋ ಎಂಬಂಥ ಮುಖ. ಆಕೆ ಸೆರಗನ್ನು ತಲೆಗೆ ಎಳೆದುಕೊಂಡು, ಕಣ್ಣು ಮುಚ್ಚಿ, ಜೋರಾಗಿಯೇ ಹೇಳಿದರು:

“ಯಪ್ಪಾ ಭಗವಂತ, ಯಾವ ಹೆಸರಲ್ಲಿದ್ದೀಯೋ ಕೇಳ್ಕೊ. ಈ ಹೈದ ದಡ್ಡ, ಕೆಟ್ಟೋನಲ್ಲ. ಒಸಿ ಬಾಯಿ ಕಮ್ಮಿ ಮಾಡು, ಒಸಿ ಬುದ್ಧಿ ಜಾಸ್ತಿ ಮಾಡು. ಹೆತ್ತೋರ್ನ ಬುಟ್ಟು ಬಂದವ್ನೆ, ಅವನ ಹೊಟ್ಟೆ ತಣ್ಣಗಿರಲಿ.”

ಯಾರೋ ಕಿಸಕ್ಕನೆ ನಕ್ಕರು. ಜೋಜಪ್ಪನವರು ನಗಲಿಲ್ಲ. ಅವರು ಎಷ್ಟೋ ಜನರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದ್ದರು. ತಮ್ಮ ಕೈಯಿಂದ ನಷ್ಟ ಅನುಭವಿಸಿದವರು ತಮಗಾಗಿ ಬೇಡುವುದನ್ನು ಕೇಳಿದ್ದು ಅದೇ ಮೊದಲು. ಆ ಅಂಗಳದಲ್ಲಿ, ಅಷ್ಟೂ ಜನರ ಮುಂದೆ, ಅವರು ನೆಲಕ್ಕೆ ಕೂತು ಮಗುವಿನಂತೆ ಅತ್ತರು. ಕೇಳಿಸಿಕೊಳ್ಳುವವನು ಇದ್ದಾನೆ ಎಂಬುದು ಆಗ ತಮಗೆ ತಿಳಿಯಿತೆಂದು ಅವರು ಹೇಳುತ್ತಿದ್ದರು.

ಅವರು ತಮ್ಮ ಊರಿಗೆ ಮರಳಲಿಲ್ಲ. ದಿನವೂ ಬೆಳಗಾಗುತ್ತಲೇ ಚಿಕ್ಕತಾಯಮ್ಮನವರ ತೋಟದಲ್ಲಿ ಸೊಪ್ಪು ಕೊಯ್ದು, ಜಗಲಿಯ ಮೇಲೆ ಇಟ್ಟು, ಒಂದು ಮಾತೂ ಆಡದೆ ಹಿಂದಿರುಗುತ್ತಿದ್ದರು. ದಾರಿಯುದ್ದಕ್ಕೂ ಆ ಊರಿನ ಒಂದೊಂದು ಮನೆಯವರ ಹೆಸರನ್ನು ದೇವರಿಗೆ ಹೇಳುತ್ತಾ ಬರುತ್ತಿದ್ದರು. ಗೊತ್ತಿಲ್ಲದ ಹೆಸರನ್ನು ಮರುದಿನ ಕೇಳಿ ತಿಳಿದುಕೊಳ್ಳುತ್ತಿದ್ದರು. ಕೀರ್ತನೆ ಕೇಳಿಸದೆ, ದನ ಕಾಯುವವರು ಉಪದೇಶಿಗೆ ಹುಷಾರಿಲ್ಲವೇನೋ ಎಂದುಕೊಂಡರಂತೆ.

ಹುಳುಗಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರು ತಟ್ಟಿಗೆ ಏರಿದ ದಿನ ಜೋಜಪ್ಪನವರು ಎಂದಿನಂತೆ ಜಗಲಿಯ ಬಳಿ ಬಂದು ತಿರುಗುವುದರಲ್ಲಿದ್ದರು. ಬಾಗಿಲು ತೆರೆದು ಚಿಕ್ಕತಾಯಮ್ಮನವರು, “ಕೈಕಾಲು ತೊಳ್ಕಂಡು ಒಳಕ್ಕೆ ಬಾ” ಎಂದರು. ಒಡಹುಟ್ಟಿದವರನ್ನೂ ಬಿಟ್ಟುಕೊಳ್ಳದ ಹೊತ್ತು ಅದು. ಜೋಜಪ್ಪನವರು ಅನುಮಾನಿಸಿದರು, ಆಕೆ ಮತ್ತೆ ಕರೆದರು. ಒಳಗೆ ಬಿದಿರಿನ ಚಂದ್ರಿಕೆಗಳ ತುಂಬ ಹುಳುಗಳು ತಲೆಯಾಡಿಸುತ್ತಾ ಹೊನ್ನಿನ ಎಳೆ ಬಿಡುತ್ತಿದ್ದವು. ಕೆಂಪಾಜಿ ಮೂಲೆಯಲ್ಲಿ ಕೂತು ಕಣ್ಣರಳಿಸಿ ನೋಡುತ್ತಿದ್ದಳು. ಜೋಜಪ್ಪನವರು ಬಾಗಿಲ ಪಕ್ಕ ನೆಲದ ಮೇಲೆ ಕೂತರು.

ಸ್ವಲ್ಪ ಹೊತ್ತಾದ ಮೇಲೆ ಚಿಕ್ಕತಾಯಮ್ಮನವರು ದನಿ ತಗ್ಗಿಸಿ, “ಅಲ್ಲ ಕನಪ್ಪ, ಬಂದ ದಿನದಿಂದ ನೀನು ಬಾಯಿ ನೋಯೋಗಂಟ ಹೇಳ್ತಿದ್ದೆ, ಯಾರೂ ಕೇಳ್ನಿಲ್ಲ. ಈಗ ನಾನೇ ಕೇಳ್ತೀನಿ. ತಪ್ಪು ಮಾಡಿದ್ದು ನೀನು, ತಟ್ಟೆ ಹೊತ್ತಿದ್ದು ಆ ಮುದುಕಮ್ಮ. ಹಂಗೆ ಮಾಡು ಅಂತ ಆ ಯಮ್ಮಂಗೆ ಕಲಿಸ್ದೋನು ಯಾರು? ಅವನ ವಿಚಾರ ಹೇಳು” ಎಂದರು.

ಯಾವ ಮಾತಿಗಾಗಿ ಜೋಜಪ್ಪನವರು ಅಷ್ಟು ದಿನ ಹಂಬಲಿಸಿದ್ದರೋ ಆ ಮಾತು ಕಡೆಗೂ ಬಂದಿತ್ತು. ಅವರು ಕಣ್ಣು ಮುಚ್ಚಿ, ತುಟಿಯಲ್ಲಿಯೇ ಏನೋ ಬೇಡಿಕೊಂಡರು. ಆಮೇಲೆ ಹುಳುಗಳಿಗೂ ಕೇಳದಷ್ಟು ಸಣ್ಣ ದನಿಯಲ್ಲಿ, “ನನಗೆ ಗೊತ್ತಿರೋದು ಸ್ವಲ್ಪ, ಚಿಕ್ಕತಾಯಮ್ಮ. ಅಷ್ಟನ್ನ ಹೇಳ್ತೀನಿ” ಎಂದು ಶುರುಮಾಡಿದರು.